ದಾಳಿಂಬೆ ಕೆಂಪು, ಜೋಳದ ಬಿಳಿ



ಮಂಗಳೂರು ಎಂದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ಕಡಲು, ಮೀನು, ಹೆಂಚಿನ ಮಾಡು ನೆನಪಾಗುತ್ತದೆ. ನಾನು ಈ ತಿಂಗಳು ಹೇಳಹೊರಟಿರುವುದು ಆ ಮಂಗಳೂರಿನ ಮಾತಲ್ಲ. ಕೊಪ್ಪಳ ಜಿಲ್ಲೆಯಲ್ಲೂ ಒಂದು ಮಂಗಳೂರಿದೆ. ಹಳೆಯ ಯಲಬುರ್ಗಾ ತಾಲೂಕಿನ ಊರು. ಅಲ್ಲಿ ಕಡಲಿಲ್ಲ, ಕಣ್ಣು ಹಾಯುವಷ್ಟು ದೂರ ಎರೆಹೊಲವಿದೆ. ನನ್ನ ತಂಗಿಯನ್ನು ಕೊಟ್ಟಿರುವುದು ಆ ಊರಿಗೆ. ಅವಳ ಹಿರಿಯ ಮಗಳ ನಿಕಾಹ್ ಗೊತ್ತಾದ ಮೇಲೆ ಒಂದು ರಾತ್ರಿ ಹುಡುಗಿಯೇ ನನಗೆ ಫೋನ್ ಮಾಡಿದಳು. "ಖಾಲಾ, ನೀವು ಬರಲೇಬೇಕು. ಅಮ್ಮಿ ನಾಲ್ಕು ದಿನದಿಂದ ನನ್ನ ಜೊತೆ ಮಾತಾಡ್ತಿಲ್ಲ."

ಏನಾಯಿತೆಂದು ಗಾಬರಿಯಿಂದ ಹೋದೆ. ಜಗಳವಾಗಿದ್ದದ್ದು ಬಣ್ಣಕ್ಕೆ!

ನಗಬೇಡಿ. ನಿಮ್ಮ ಮನೆಯಲ್ಲೂ ಮದುವೆಗೆ ಬಂದ ಹುಡುಗಿಯಿದ್ದರೆ ಈ ಜಗಳ ಇಂದಲ್ಲ ನಾಳೆ ಬಾಗಿಲು ತಟ್ಟುತ್ತದೆ. ಹುಡುಗಿಯ ಮೊಬೈಲಿನಲ್ಲಿ ಐದು ಚೌಕಗಳ ಚಿತ್ರವೊಂದಿತ್ತು. ತೀರಾ ತಿಳಿಯಾದ ಗುಲಾಬಿ, ಬೂದಿ ಬೆರೆತ ಹಸಿರು, ದಂತದ ಬಿಳಿ, ಇನ್ನೊಂದು ಪೀಚ್, ಕೊನೆಯದು 'ಶಾಂಪೇನ್'. ಇದಕ್ಕೆ ಪ್ಯಾಲೆಟ್ ಎನ್ನುತ್ತಾರಂತೆ. ಚಿತ್ರಕಾರರು ಬಣ್ಣ ಕಲಸುವ ಹಲಗೆಯ ಹೆಸರು ಅದು, ಈಗ ಮದುವೆಗೂ ಬಂದಿದೆ. ಮದುಮಗಳ ಉಡುಪು, ಮಂಟಪದ ಹೂ, ಆಮಂತ್ರಣ ಪತ್ರ, ತಂಗಿಯರ ದುಪಟ್ಟಾ, ಎಲ್ಲವೂ ಆ ಐದು ಬಣ್ಣಗಳೊಳಗೇ ಇರಬೇಕು. ಶಾಂಪೇನ್ ಎಂಬುದು ಒಂದು ಮದ್ಯದ ಹೆಸರು ಮಗಳೇ ಎಂದು ನಾನು ಹೇಳಿದಾಗ ಅವಳ ಮುಖ ನೋಡಬೇಕಿತ್ತು. "ಹಾಗಾದ್ರೆ ಅದನ್ನು ಗೋಧಿ ಬಣ್ಣ ಅನ್ನೋಣ ಖಾಲಾ" ಎಂದಳು. ಸರಿ, ಗೋಧಿ ಬಣ್ಣವೇ.

ನನ್ನ ತಂಗಿಯದು ಒಂದೇ ಹಟ. ಮದುಮಗಳೆಂದರೆ ಕೆಂಪು. ಅವಳ ಅಮ್ಮ ಕೆಂಪು, ಅವಳ ಅತ್ತೆ ಕೆಂಪು, ಅವಳೂ ಕೆಂಪು. ತಿಳಿ ಬಣ್ಣ ಉಟ್ಟು ಕುಳಿತರೆ ಜನ ಇದ್ದತ್‌ನಲ್ಲಿರುವವಳು ಎಂದುಕೊಳ್ಳುವುದಿಲ್ಲವೇ ಎಂಬ ಮಾತನ್ನೂ ಸಿಟ್ಟಿನಲ್ಲಿ ಆಡಿಬಿಟ್ಟಿದ್ದಳು. ಆ ಮಾತಿಗೇ ಹುಡುಗಿ ಅತ್ತದ್ದು.

ಇಷ್ಟೇ ಆಗಿದ್ದರೆ ನಾನು ಇಬ್ಬರನ್ನೂ ಕೂರಿಸಿ ಒಂದು ಚಹಾ ಕುಡಿಸಿ ಬಂದುಬಿಡುತ್ತಿದ್ದೆ. ಆದರೆ ಮಲಗುವ ಹೊತ್ತಿಗೆ ಹುಡುಗಿ ಮೆಲ್ಲನೆ ಇನ್ನೊಂದು ವಿಷಯ ಹೇಳಿದಳು. ಮಂಗ್ನಿಯ ದಿನ ನಮ್ಮ ಕಡೆಯವರೇ ಆದ ಹಿರಿಯ ಹೆಂಗಸೊಬ್ಬರು ಹತ್ತು ಜನರ ನಡುವೆ, "ಹುಡುಗಿ ಸ್ವಲ್ಪ ಸಾಂವಲಿ. ಕೆಂಪು ಹಾಕಿದ್ರೆ ಇನ್ನೂ ಕಪ್ಪಗೆ ಕಾಣ್ತಾಳೆ. ತಿಳಿ ಬಣ್ಣ ಹಾಕ್ರಿ" ಎಂದಿದ್ದರಂತೆ. ಐದು ಚೌಕಗಳ ಹುಡುಕಾಟ ಶುರುವಾದದ್ದು ಆ ರಾತ್ರಿಯಿಂದ. ಅವಳಿಗೆ ಗುಲಾಬಿ ಇಷ್ಟವೆಂದಲ್ಲ. ತನ್ನ ಮೈಬಣ್ಣವನ್ನು ಮರೆಮಾಡುವ ಬಣ್ಣ ಬೇಕಿತ್ತು. ತಾಯಿಗೆ ಇದು ತಿಳಿದೇ ಇರಲಿಲ್ಲ. ತಾಯಿ ಆಗಲೇ ಹುಬ್ಬಳ್ಳಿಯಲ್ಲಿ ನೋಡಿಬಂದಿದ್ದ ಮೂವತ್ತೆಂಟು ಸಾವಿರದ ಕೆಂಪು ಲೆಹೆಂಗಾಕ್ಕಾಗಿ ಸಂಘದಲ್ಲಿ ಸಾಲ ಕೇಳಿಯಾಗಿತ್ತು. ಮಗಳಿಗೆ ಇದೂ ತಿಳಿದಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ!

ಓದುಗ ಸಹೋದರಿಯರೇ, ಮದುಮಗಳೆಂದರೆ ಇಂಥದೇ ಬಣ್ಣ ಎಂಬ ಮಾತು ಎಲ್ಲಿಂದ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? ಕ್ರೈಸ್ತ ಮದುಮಗಳು ಬಿಳಿ ಉಡುವುದು ಅನಾದಿ ಕಾಲದ ಪದ್ಧತಿಯೆಂದು ನಾವು ತಿಳಿದಿದ್ದೇವೆ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ 1840ರಲ್ಲಿ ತನ್ನ ಮದುವೆಗೆ ಬಿಳಿ ತೊಟ್ಟ ಮೇಲೆಯೇ ಅದು ಜೋರಾಗಿ ಹಬ್ಬಿದ್ದು. ಅದಕ್ಕೆ ಮೊದಲು ಅಲ್ಲಿಯ ಹುಡುಗಿಯರು ತಮ್ಮಲ್ಲಿದ್ದ ಒಳ್ಳೆಯ ಉಡುಪನ್ನು, ಅದು ಯಾವ ಬಣ್ಣದ್ದೇ ಇರಲಿ, ತೊಟ್ಟು ಮದುವೆಯಾಗುತ್ತಿದ್ದರು. ನಮ್ಮ ಹುಡುಗಿಯರ ತಿಳಿಗುಲಾಬಿಯ ಹುಚ್ಚಿಗೆ ಇನ್ನೂ ಕಡಿಮೆ ವಯಸ್ಸು. 2017ರ ಡಿಸೆಂಬರಿನಲ್ಲಿ ನಟಿ ಅನುಷ್ಕಾ ಶರ್ಮಾ ಇಟಲಿಯಲ್ಲಿ ಮದುವೆಯಾದಾಗ ಉಟ್ಟ ತಿಳಿಗುಲಾಬಿ ಲೆಹೆಂಗಾದ ಚಿತ್ರ ಮನೆಮನೆಯ ಮೊಬೈಲಿಗೆ ಬಂತಲ್ಲ, ಆ ಮೇಲೆ ಸಣ್ಣ ಊರಿನ ಅಂಗಡಿಗಳಲ್ಲೂ ಆ ಬಣ್ಣ ತುಂಬಿತು. ಇನ್ನು ಕೆಂಪು. ಅದು ಹಳೆಯದು ನಿಜ. ಆದರೆ ಅದಕ್ಕೂ ಕಾರಣವಿದೆ. ರಾಸಾಯನಿಕ ಬಣ್ಣಗಳು ಬರುವ ಮೊದಲು ಗಟ್ಟಿ ಕೆಂಪನ್ನು ಮಂಜಿಷ್ಠದ ಬೇರಿನಿಂದಲೋ ಅರಗಿನಿಂದಲೋ ತೆಗೆಯಬೇಕಿತ್ತು. ಕಷ್ಟದ ಕೆಲಸ, ದುಬಾರಿ ಬಣ್ಣ. ಅದಕ್ಕೇ ಅದು ಜೀವನದಲ್ಲಿ ಒಂದೆರಡು ಸಲ ಉಡುವ ಬಣ್ಣವಾಯಿತು. 1856ರಲ್ಲಿ ಹದಿನೆಂಟರ ಹರೆಯದ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಮೊದಲ ಕೃತಕ ಬಣ್ಣ ಕಂಡುಹಿಡಿದ. ಮಂಜಿಷ್ಠದ ಕೆಂಪನ್ನೇ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1868ರಲ್ಲಿ, ಇಬ್ಬರು ಜರ್ಮನ್ ವಿಜ್ಞಾನಿಗಳು. ಈಗ ಕೆಂಪು ಸಂತೆಯಲ್ಲಿ ಮೀಟರಿಗೆ ಎಪ್ಪತ್ತು ರೂಪಾಯಿಗೂ ಸಿಗುತ್ತದೆ.

ದೀನ್ ಏನು ಹೇಳುತ್ತದೆ ಎಂದು ತಂಗಿ ಕೇಳಿದಳು. ನಿಕಾಹ್‌ಗೆ ಬೇಕಾದದ್ದು ಒಪ್ಪಿಗೆ, ಸಾಕ್ಷಿಗಳು, ಮಹ್ರ್. ಬಣ್ಣದ ಷರತ್ತು ಎಲ್ಲೂ ಇಲ್ಲ. ಬಣ್ಣದ ಪ್ರಸ್ತಾಪ ಮಾತ್ರ ಇದೆ, ಬಹಳ ಚೆಂದವಾಗಿದೆ. ಮದೀನಾದಲ್ಲಿ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಮೈಮೇಲೆ ಹಳದಿಯ ಗುರುತು ಕಂಡು ಪ್ರವಾದಿವರ್ಯರು(ಸ) ಇದೇನೆಂದು ವಿಚಾರಿಸಿದರು. ಮದುವೆಯಾಗಿದ್ದೇನೆ ಎಂಬ ಉತ್ತರ ಬಂತು. ಮಹ್ರ್ ಎಷ್ಟು ಕೊಟ್ಟೆ ಎಂದು ಕೇಳಿ ತಿಳಿದುಕೊಂಡು, ಒಂದು ಕುರಿಯಿಂದಲಾದರೂ ವಲೀಮಾ ಮಾಡು ಎಂದರು. ಒಂದು ಹಳದಿ ಕಲೆಯಿಂದ ಮದುವೆಯ ಸುದ್ದಿ ತಿಳಿದ ಪ್ರಸಂಗವಿದು. ಊರೇ ಬಂದು ನೋಡುವ ವೇದಿಕೆ ಅಲ್ಲಿರಲಿಲ್ಲ.

ಇನ್ನೊಂದು ಪ್ರಸಂಗ ಬುಖಾರಿಯಲ್ಲಿದೆ, ಅದನ್ನು ನಾನು ಎಷ್ಟು ಸಲ ಓದಿದರೂ ಸಾಲದು. ಹ. ಆಯಿಶಾ(ರ)ರ ಬಳಿ ಐದು ದಿರ್ಹಮ್ ಬೆಲೆಯ ಒರಟು ಬಟ್ಟೆಯ ಉಡುಪೊಂದಿತ್ತು. ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನಾದಲ್ಲಿ ಯಾವ ಹುಡುಗಿಯನ್ನು ಮದುವೆಗೆ ಸಿಂಗರಿಸುವುದಿದ್ದರೂ ಆ ಉಡುಪನ್ನು ಎರವಲು ಕೇಳಿ ಅವರಲ್ಲಿಗೆ ಹೇಳಿಕಳಿಸುತ್ತಿದ್ದರು. ವರ್ಷಗಳು ಕಳೆದ ಮೇಲೆ, ತಮ್ಮ ಮನೆಯ ಸೇವಕಿ ಕೂಡ ಈಗ ಅದನ್ನು ಮನೆಯೊಳಗೆ ತೊಡಲು ಮೂಗು ಮುರಿಯುತ್ತಾಳೆ ಎಂದು ಅವರು ಹೇಳಿದ್ದಾರೆ. ಒಂದು ಊರಿನ ಎಷ್ಟೋ ಮದುಮಗಳರು ತೊಟ್ಟ ಒಂದೇ ಉಡುಪು! ಬಾಡಿಗೆಯಲ್ಲ, ಎರವಲು. ತಂಗಿ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಸಂಘದ ಸಾಲದ ಮಾತು ಅವಳ ಬಾಯಿಂದ ಬಂದದ್ದು ಆಗಲೇ.

ಮರುದಿನ ನಾನು ಇಬ್ಬರನ್ನೂ ಕರೆದುಕೊಂಡು ಹೊಲದ ದಾರಿಯಲ್ಲಿ ನಡೆದೆ. ಮೊಬೈಲ್ ಮನೆಯಲ್ಲೇ ಇರಲಿ ಎಂದಿದ್ದೆ. ಪ್ಯಾಲೆಟ್ ಬೇಕಲ್ಲವೇ, ಇಲ್ಲೇ ಇದೆ ನೋಡಿ. ಮಳೆ ಕುಡಿದ ಎರೆಮಣ್ಣು ಬರೀ ಕಪ್ಪಲ್ಲ, ಅದರೊಳಗೆ ನೀಲಿ ಇದೆ. ಅದರ ಮೇಲೆ ಬಿಳಿಜೋಳದ ತೆನೆ. ಹಾಲಿನ ಬಿಳಿಯಲ್ಲ ಅದು, ಸ್ವಲ್ಪ ಹಳದಿ ಸೇರಿದ ಬಿಳಿ, ಹುಡುಗಿಯ 'ದಂತದ ಬಿಳಿ' ಇದೇ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳಲ್ಲಿ ಹೂ ಒಂದು ಕೆಂಪು, ಸಿಪ್ಪೆ ಒಂದು ಕೆಂಪು, ಒಳಗಿನ ಕಾಳು ಇನ್ನೊಂದು ಕೆಂಪು. ಮೂರೂ ಬೇರೆ. ತಂಗಿ 'ಕೆಂಪು' ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದಳಲ್ಲ, ಯಾವ ಕೆಂಪು ಎಂದು ಕೇಳಿದೆ. ಹೂವಿನದೋ ಕಾಳಿನದೋ? ಗಂಗಾವತಿ ಕಡೆ ಹೋದರೆ ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಗದ್ದೆ. ನಾಟಿಯ ಹಸಿರು ಬೇರೆ, ತೆನೆ ಹಾಲುಗಟ್ಟುವಾಗಿನ ಹಸಿರು ಬೇರೆ. ಆನೆಗೊಂದಿಯ ಬಂಡೆಗಲ್ಲುಗಳು ಬೆಳಿಗ್ಗೆ ಬೂದು, ಸಂಜೆ ಹೊತ್ತಿಗೆ ಜೇನಿನ ಬಣ್ಣ. ಮತ್ತೆ ನಮ್ಮ ಕುಸುಬಿ. ಹಳದಿಯಲ್ಲಿ ಅರಳಿ ಬಾಡುತ್ತಾ ಕೇಸರಿಯಾಗುವ ಹೂ. ನಮಗೆ ಅದು ಎಣ್ಣೆಯ ಬೆಳೆ. ಆದರೆ ಹಿಂದಿನವರು ಅದರ ಎಸಳಿನಿಂದ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ನೀರಿನಲ್ಲಿ ತೊಳೆದರೆ ಹಳದಿ ಹೊರಟುಹೋಗಿ, ಉಳಿದ ಎಸಳಿನಿಂದ ಗುಲಾಬಿ-ಕೆಂಪು ಬರುತ್ತದೆ. ಅರಬರೂ ಕುಸುಬಿಯ ಬಣ್ಣ ಬಲ್ಲವರು. ಹದೀಸ್‌ಗಳಲ್ಲಿ ಅದರ ಹೆಸರಿದೆ.

ಹುಡುಗಿ ಮಾತಾಡದೆ ಒಂದು ದಾಳಿಂಬೆ ಹೂ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಕಂದು ಅಂಗೈಹಿಂಭಾಗದ ಮೇಲೆ ಆ ಹೂ ಹೇಗೆ ಕಾಣುತ್ತಿತ್ತು ಗೊತ್ತೇ? ಆಗಲೇ ನನಗೆ ಹಳೆಯ ಫ್ರೆಂಚ್ ರಸಾಯನಶಾಸ್ತ್ರಜ್ಞನೊಬ್ಬನ ಕಥೆ ನೆನಪಾದದ್ದು.

ಅವನ ಹೆಸರು ಶೆವ್ರೊಲ್. ಪ್ಯಾರಿಸ್ಸಿನ ಗೋಬಲಾಂ ಎಂಬ ಹೆಸರಾಂತ ನೇಯ್ಗೆ ಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿ 1824ರಲ್ಲಿ ಸೇರಿದ. ನೇಕಾರರು ದೂರು ತಂದರು: ನಿಮ್ಮ ಕಪ್ಪು ನೂಲು ಕಪ್ಪಗೆ ಕಾಣುತ್ತಿಲ್ಲ, ಸಪ್ಪೆಯಾಗಿದೆ. ಅವನು ನೂಲನ್ನು ಪರೀಕ್ಷಿಸಿದ, ಬೇರೆಡೆಯ ಕಪ್ಪಿನ ಜೊತೆ ಹೋಲಿಸಿದ. ಬಣ್ಣದಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪು ನೆರೆಹೊರೆಯದು! ಆ ಕಪ್ಪನ್ನು ನೀಲಿ, ನೇರಳೆಗಳ ಪಕ್ಕದಲ್ಲಿ ನೇಯುತ್ತಿದ್ದರು. ಪಕ್ಕದ ಬಣ್ಣದಿಂದಾಗಿ ಕಣ್ಣಿಗೆ ಕಪ್ಪು ಬೇರೆಯಾಗಿ ಕಾಣುತ್ತಿತ್ತು. ವರ್ಷಗಟ್ಟಲೆ ಇದನ್ನೇ ಅಭ್ಯಾಸ ಮಾಡಿ 1839ರಲ್ಲಿ ದೊಡ್ಡ ಪುಸ್ತಕ ಬರೆದ. ನೂರಾ ಎರಡು ವರ್ಷ ಬದುಕಿದ ಪುಣ್ಯಾತ್ಮ. ಅವನು ಹೇಳಿದ್ದರ ಸಾರ ಇಷ್ಟು: ಯಾವ ಬಣ್ಣವೂ ಒಂಟಿಯಾಗಿ ಕಾಣುವುದಿಲ್ಲ, ಪಕ್ಕದಲ್ಲಿರುವುದು ಅದನ್ನು ಬದಲಿಸುತ್ತದೆ. ತಿಳಿ ಬಣ್ಣದ ಪಕ್ಕ ಗಾಢವಾದದ್ದು ಇನ್ನೂ ಗಾಢವಾಗಿ ಕಾಣುತ್ತದೆ. ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ಕೆಂಪು ಇಟ್ಟರೆ ಎರಡೂ ಹೊಳೆಯುತ್ತವೆ.

ಈಗ ಮಂಗ್ನಿಯ ದಿನದ ಆ ಬುದ್ಧಿಮಾತನ್ನು ನೆನಪು ಮಾಡಿಕೊಳ್ಳಿ. 'ಸಾಂವಲಿ ಹುಡುಗಿಗೆ ತಿಳಿ ಬಣ್ಣ ಹಾಕ್ರಿ.' ಸಂಪೂರ್ಣ ತಲೆಕೆಳಗು! ದಂತದ ಬಿಳಿಯ ಪಕ್ಕದಲ್ಲೇ ಕಂದು ಮುಖ ಹೆಚ್ಚು ಕಪ್ಪಾಗಿ ಕಾಣುವುದು. ಗಾಢ ಬಣ್ಣದ ಪಕ್ಕದಲ್ಲಿ ಅದೇ ಮುಖಕ್ಕೆ ಬೆಳಕು ಬರುತ್ತದೆ. ನಂಬಿಕೆ ಬಾರದಿದ್ದರೆ ಕನ್ನಡಿಯ ಮುಂದೆ ಕಿಟಕಿಯ ಬೆಳಕಿನಲ್ಲಿ ನಿಂತು, ಒಂದು ಭುಜದ ಮೇಲೆ ತಿಳಿ ಬಟ್ಟೆ, ಇನ್ನೊಂದರ ಮೇಲೆ ಗಾಢ ಬಟ್ಟೆ ಹಾಕಿ ನೋಡಿಕೊಳ್ಳಿ. ಬಟ್ಟೆಯನ್ನು ನೋಡಬೇಡಿ, ಕಣ್ಣಿನ ಕೆಳಗಿನ ಚರ್ಮವನ್ನು ನೋಡಿ. ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬೆಳ್ಳಗೆ ಕಾಣಲಿ ಎಂದು ಈ ಉಪಾಯ ಹೇಳುತ್ತಿಲ್ಲ. ಕಂದು ಚರ್ಮ ಮುಚ್ಚಬೇಕಾದ ದೋಷವಲ್ಲ. ಪಾರ್ಲರಿನಲ್ಲಿ ಮುಖಕ್ಕೆ ಸುಣ್ಣ ಬಳಿದಂತೆ ಬಳಿದು, ಕತ್ತಿನಿಂದ ಕೆಳಗೆ ಬೇರೆ ಹುಡುಗಿಯನ್ನು ಮಾಡಿ ಕೂರಿಸುತ್ತಾರಲ್ಲ, ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹುಡುಗಿ ತನ್ನ ಹಾಗೆಯೇ ಕಾಣಲಿ ಎಂಬುದಷ್ಟೇ ನನ್ನ ಆಸೆ.

ಇನ್ನು ಪೆಟ್ಟಿಗೆಯ ಕಥೆ. ಎರಡು ದಿನ ಬಿಟ್ಟು ಕುಷ್ಟಗಿಯಿಂದ ನಮ್ಮ ಅಮ್ಮಾ ಬಂದರು, ಅಂದರೆ ಹುಡುಗಿಯ ನಾನಿಮಾ. ಜೊತೆಯಲ್ಲಿ ಬಟ್ಟೆಯ ಗಂಟು. ಅದರೊಳಗೆ ಅವರ ಮದುವೆಯಲ್ಲಿ ತವರಿನವರು ಕೊಟ್ಟ ಇಳಕಲ್ ಸೀರೆ. ಒಡಲು ನವಿಲು ಹಸಿರು, ಅಂಚು ಇಟ್ಟಿಗೆ ಕೆಂಪು, ಸೆರಗು ದಾಳಿಂಬೆ ಕೆಂಪಿನಲ್ಲಿ ಬಿಳಿ ತೆನೆಗಳು. ಕುಷ್ಟಗಿಯವರಿಗೆ ಇಳಕಲ್ ನೆರೆಮನೆಯಿದ್ದಂತೆ. ಜಿಲ್ಲೆ ಬೇರೆ, ಬಾಗಲಕೋಟೆ, ಆದರೆ ಬಸ್ಸಿಗೆ ಒಂದು ಗಂಟೆಯ ದಾರಿಯೂ ಅಲ್ಲ. ನಮ್ಮ ಕಡೆಯ ಹೆಂಗಸರು, ಯಾವ ಜಾತಿ ಯಾವ ಮತದವರೇ ಆಗಲಿ, ಹೊಲಕ್ಕೂ ಅದನ್ನೇ ಉಟ್ಟರು ಮದುವೆಗೂ ಅದನ್ನೇ ಉಟ್ಟರು. ಹೊಲಕ್ಕೆ ಹತ್ತಿಯದು, ಮದುವೆಗೆ ರೇಷ್ಮೆಯದು. ನಿಜಾಮರ ಕಾಲದಲ್ಲಿ ಈ ಸೀಮೆಯೆಲ್ಲ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ, 1948ರವರೆಗೆ. ಸ್ಥಿತಿವಂತರು ಅಲ್ಲಿಯ ಖಡಾ ದುಪಟ್ಟಾ, ಕರಿಮಣಿಯ ಲಚ್ಛಾ ತರಿಸುತ್ತಿದ್ದರು. ಉಳಿದವರಿಗೆ ಇಳಕಲ್ಲೇ.

ಆ ಸೆರಗಿಗೆ ತೋಪುತೆನಿ ಎಂದು ಹೆಸರು. ಜೋಳದ ತೆನೆಯ ಆಕಾರ. ಹಣಿಗೆ ಅಂದರೆ ಬಾಚಣಿಕೆಯ ಹಲ್ಲು, ಕೋಟಿ ಕಮ್ಮಲಿ ಅಂದರೆ ಕೋಟೆಯ ತೆನೆ, ಹೀಗೆ ಅದರ ತುದಿಯ ವಿನ್ಯಾಸಗಳಿಗೆಲ್ಲ ಹೆಸರಿದೆ. ಅಂಚುಗಳಿಗೂ ಇದೆ: ಗೋಮಿ, ಚಿಕ್ಕಿ ಪರಾಸ್, ಗಾಡಿ. ನಾವು ಹೊಲದ ದಾರಿಯಲ್ಲಿ ಕಂಡ ದಾಳಿಂಬೆ ಮತ್ತು ಜೋಳ ಎರಡೂ ಆ ಸೆರಗಿನಲ್ಲಿ ಮೊದಲೇ ಬಂದು ಕುಳಿತಿದ್ದವು. ಐದು ಚೌಕಗಳ ಕೆಲಸವನ್ನು ನೇಕಾರರು ಎಷ್ಟೋ ತಲೆಮಾರಿನ ಹಿಂದೆಯೇ ಮಾಡಿ ಮುಗಿಸಿದ್ದರು. ಒಡಲು ಹೆಚ್ಚು, ಅಂಚು ಕಡಿಮೆ, ಬಿಳಿ ತೀರಾ ಕಡಿಮೆ. ಆ ಅಳತೆಯನ್ನು ಸ್ವಲ್ಪ ಗಮನಿಸಿ. ಮೂರು ಬಣ್ಣ ಸಮಸಮವಾಗಿದ್ದರೆ ಅದು ಬಾವುಟವಾಗುತ್ತದೆ, ಸೀರೆಯಲ್ಲ.

ಹುಡುಗಿ ಸೆರಗನ್ನು ತಲೆಯ ಮೇಲೆ ಹೊದ್ದು ಕಿಟಕಿಯ ಬಳಿ ನಿಂತಳು. ತಂಗಿ ಒಳಗಿನಿಂದ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಯಾರೂ ಏನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಆದರೆ ಸೀರೆ ಉಡುವಂತಿರಲಿಲ್ಲ. ಮಡಿಕೆಯ ಜಾಗದಲ್ಲೆಲ್ಲ ಒಡಲು ಬಿರಿದಿತ್ತು. ಸೆರಗು ಮಾತ್ರ ಗಟ್ಟಿ. ತಂಗಿ ಕತ್ತರಿ ಎಂದಳು, ಅಮ್ಮಾ ಕೈ ಅಡ್ಡ ಹಿಡಿದರು. ಮತ್ತೆ ಒಂದು ಸಣ್ಣ ಜಗಳ. ಕೊನೆಗೆ ಎಲ್ಲರೂ ಸೇರಿ ಇಳಕಲ್‌ಗೆ ಹೋಗಿ ನೇಕಾರರನ್ನೇ ಕೇಳೋಣ ಎಂದಾಯಿತು.

ಮಗ್ಗದ ಮುಂದೆ ಕುಳಿತಿದ್ದ ಹಿರಿಯರು ಸೀರೆಯನ್ನು ಕೈಗೆ ತೆಗೆದುಕೊಂಡು ಒಡಲು ಸೆರಗು ಕೂಡುವ ಗೆರೆಯ ಮೇಲೆ ಬೆರಳಾಡಿಸಿದರು. "ಕೊಂಡಿ ನೋಡ್ರಿ ಅಕ್ಕಾರ, ಇನ್ನೂ ಹೆಂಗ ಐತಿ" ಎಂದರು. ಇಳಕಲ್ಲಿನ ವಿಶೇಷವೇ ಈ ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಸಿ ಆಮೇಲೆ ನೇಯುತ್ತಾರೆ. ಅದಕ್ಕೇ ಒಡಲು ಅಚ್ಚ ಹಸಿರಾಗಿದ್ದು ಸೆರಗು ಅಚ್ಚ ಕೆಂಪಾಗಿರಲು ಸಾಧ್ಯ. ಹಳೆಯ ಸೆರಗನ್ನು ಹೊಸ ಒಡಲಿಗೆ ಹೀಗೆ ಕೂಡಿಸಿಕೊಡುತ್ತೀರಾ ಎಂದು ಹುಡುಗಿ ಕೇಳಿದಳು. ಅವರು ನಕ್ಕರು. "ಕೊಂಡಿ ಅಂದ್ರ ಮಗ್ಗದ ಮ್ಯಾಲ ಹಾಕೋದವ್ವ. ನೇಯ್ದು ಮುಗದ ಮ್ಯಾಲ ಹೊಲಿಗಿನ ದಾರಿ." ನಂತರ ಬಾಗಿಲ ಹೊರಗೆ ಬಿಸಿಲಿಗೆ ಬನ್ನಿ ಎಂದು ಕರೆದು, ಆರೇಳು ನೂಲಿನ ಲಡಿಗಳನ್ನು ಹಳೆಯ ಸೆರಗಿನ ಮೇಲೆ ಒಂದೊಂದಾಗಿ ಇಟ್ಟು ತೋರಿಸಿದರು. ಒಳಗೆ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಹಸಿರು ಹೊರಗೆ ಬಂದಾಗ ಒಂದು ನೀಲಿಗೆ, ಒಂದು ಹಳದಿಗೆ ತಿರುಗಿದವು.

ಇದು ನೀವು ಮರೆಯಬಾರದ ಮಾತು. ಅಂಗಡಿಯ ದೀಪದಡಿ ಬಣ್ಣ ಆರಿಸಬೇಡಿ. ಬಟ್ಟೆಯನ್ನು ಬಾಗಿಲಿನವರೆಗೆ ಒಯ್ಯಲು ಕೇಳಿ, ಒಳ್ಳೆಯ ಅಂಗಡಿಯವರು ಬೇಡವೆನ್ನುವುದಿಲ್ಲ. ನಿಕಾಹ್ ಹಗಲಿಗೋ ರಾತ್ರಿಗೋ ಎಂಬುದನ್ನು ಮೊದಲೇ ತಿಳಿದುಕೊಂಡು ಆ ಬೆಳಕಿನಲ್ಲೂ ಒಮ್ಮೆ ನೋಡಿ. ಮನೆಯಲ್ಲಿರುವ ಹಳೆಯ ಬಟ್ಟೆಗೆ ಹೊಂದಿಸುವುದಿದ್ದರೆ ನೆನಪನ್ನು ನಂಬಬೇಡಿ, ಅದರ ಒಳಮಡಿಕೆಯಿಂದ ಎರಡು ಎಳೆ ತೆಗೆದು ಬಿಳಿ ಕಾಗದಕ್ಕೆ ಅಂಟಿಸಿ ಪರ್ಸಿನಲ್ಲಿಟ್ಟುಕೊಳ್ಳಿ. ಬಳೆ ಅಂಗಡಿಗೂ ದರ್ಜಿಗೂ ಅದೇ ಕಾಗದ ತೋರಿಸಿ. ಮೊಬೈಲಿನ ಫೋಟೋ ತೋರಿಸಿದರೆ ಪ್ರತಿ ಮೊಬೈಲಿನಲ್ಲೂ ಬೇರೆ ಬಣ್ಣ.

ಬಣ್ಣ ಬಿಡುತ್ತದೆಯೇ ಎಂಬ ಪರೀಕ್ಷೆಯನ್ನಂತೂ ಮಾಡಲೇಬೇಕು. ಬಿಳಿ ಅರಿವೆಯ ತುದಿ ಒದ್ದೆ ಮಾಡಿ ಬಟ್ಟೆಯ ಒಳಭಾಗದಲ್ಲಿ ಗಟ್ಟಿಯಾಗಿ ಉಜ್ಜಿ. ನನ್ನ ಮದುವೆಯ ಕೆಂಪು ದುಪಟ್ಟಾ ಮೇ ತಿಂಗಳ ಬೆವರಿಗೆ ಬಣ್ಣ ಬಿಟ್ಟು, ವಲೀಮಾದ ದಿನ ನನ್ನ ಕತ್ತು ಕಿವಿ ಎಲ್ಲ ಕೆಂಪಾಗಿದ್ದವು. ಬಂದವರೆಲ್ಲ ಹುಡುಗಿ ನಾಚಿದ್ದಾಳೆ ಎಂದುಕೊಂಡರು!

ನೇಕಾರರ ಬಳಿ ಹೊಸ ಸೀರೆಗೆ ಹೇಳಿಬಂದೆವು. ರೇಷ್ಮೆ, ನವಿಲು ಹಸಿರು ಒಡಲು, ಅದೇ ಅಂಚು, ಅದೇ ಸೆರಗು. ಬೆಲೆ ಆ ಲೆಹೆಂಗಾದ ಕಾಲುಭಾಗವೂ ಆಗಲಿಲ್ಲ. ಇದೇ ನಮೂನೆ ಯಂತ್ರದ ಮಗ್ಗದಲ್ಲಿ ಇನ್ನೂ ಅಗ್ಗವಾಗಿ ಸಿಗುತ್ತದೆ, ಸೆರಗನ್ನು ಅಚ್ಚು ಹಾಕಿದ್ದೂ ಸಿಗುತ್ತದೆ. ಕೊಂಡಿಯ ಗೆರೆ ಹುಡುಕಿ ನೋಡಿ ಕೊಳ್ಳಿ. ಉದ್ದ ತೋಳಿನ ಕುಪ್ಪಸಕ್ಕೆ ಜೋಳದ ಬಿಳಿ ಬಣ್ಣದ ಬಟ್ಟೆ ತೆಗೆದುಕೊಳ್ಳೋಣ ಎಂದು ಹುಡುಗಿ ಹೇಳಿದಾಗ ನಾನು ಬೇಡವೆಂದೆ. ಮುಖದ ಹತ್ತಿರ ಬರುವ ಬಣ್ಣ ಅದು. ಕೊನೆಗೆ ಅಂಚಿನ ಕೆಂಪೇ ಆಯಿತು. ಜೋಳದ ಬಿಳಿ ಹೂವಿಗೆ ಹೋಯಿತು: ಮಲ್ಲಿಗೆ, ಸುಗಂಧರಾಜ. ಆಮಂತ್ರಣ ಪತ್ರಕ್ಕೆ ಬಣ್ಣ ಹೊಂದಿಸುವ ಮಾತನ್ನು ನಾನೇ ಅಲ್ಲಿಗೆ ನಿಲ್ಲಿಸಿದೆ. ಓದಿ ಎಸೆಯುವ ಕಾಗದಕ್ಕೆ ಇಷ್ಟೊಂದು ಚಿಂತೆ ಯಾಕೆ?

ಹಳೆಯ ಸೆರಗು ಏನಾಯಿತು ಎನ್ನುತ್ತೀರಾ? ಕತ್ತರಿಸುವುದಕ್ಕೆ ಅಮ್ಮಾ ಒಂದು ವಾರ ಒಪ್ಪಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಒಂದು ದಿನ ಫಜರ್ ನಮಾಝ್ ಮುಗಿಸಿ ತಾವೇ ಕನ್ನಡಕ ಹಾಕಿಕೊಂಡು, ಕತ್ತರಿಯಲ್ಲ, ಸೂಜಿಯ ತುದಿಯಿಂದ ಕೊಂಡಿಯ ಪಕ್ಕದ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತಿದ್ದರು. ಅದನ್ನು ತೆಳುವಾದ ಕೆಂಪು ಬಟ್ಟೆಯ ಮೇಲೆ ಹೊಲಿದು ತಲೆಯ ಮೇಲಿನ ಓಢನಿ ಮಾಡಿದರು. ನಿಕಾಹ್‌ಗೆ ಹುಡುಗಿ ಒಪ್ಪಿಗೆ ಹೇಳಿದ್ದು ಆ ಓಢನಿಯ ಕೆಳಗಿನಿಂದ.

ಎಲ್ಲವೂ ಸರಿಯಾಯಿತೆಂದು ತಿಳಿಯಬೇಡಿ. ಗಂಡಿನ ಮನೆಯವರು ಸಾಂಚಕ್‌ನಲ್ಲಿ ಕಳಿಸಿದ್ದು ಅದೇ ಪೀಚ್ ಬಣ್ಣದ ಜೋಡು. ಅವರು ಪ್ರೀತಿಯಿಂದ ತಂದದ್ದು, ಒಲ್ಲೆ ಎನ್ನುವಂತಿಲ್ಲ, ಅನ್ನಬೇಕಾಗಿಯೂ ಇಲ್ಲ. ಅದು ವಲೀಮಾದ ದಿನಕ್ಕಾಯಿತು, ಮೇಲೆ ಗಾಢ ಹಸಿರಿನ ಶಾಲು. ಮಂಗ್ನಿಯಲ್ಲಿ ಮಾತಾಡಿದ್ದ ಹಿರಿಯ ಹೆಂಗಸು ನಿಕಾಹ್‌ಗೂ ಬಂದಿದ್ದರು. "ಹಳೇ ಸೀರೀನ ಹೊಚ್ಚ್ಯಾರಲ್ಲ" ಎಂದು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹುಡುಗಿಯ ಕಿವಿಗೂ ಬಿದ್ದಿರಬೇಕು. ಅವಳು ಓಢನಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು, ಅಷ್ಟೇ.

ಇನ್ನೊಂದು ತಾಪತ್ರಯ ಶಾಮಿಯಾನದ್ದು. ಹೆಂಗಸರ ಕಡೆ ಹಾಕಿದ್ದು ಕೆಂಪು-ಹಳದಿ ಪಟ್ಟೆಯದು. ಹತ್ತು ಗಂಟೆಯ ಬಿಸಿಲು ಅದರೊಳಗಿಂದ ಇಳಿದಾಗ ಬಿಳಿ ಅಂಗಿಯ ಮಕ್ಕಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರು. ಹಸಿರು ಸೀರೆ ಮಣ್ಣಿನಂತಾಯಿತು. ತಿಂಗಳುಗಟ್ಟಲೆ ಎಳೆ ಎಳೆ ಹೊಂದಿಸಿದ ನಮಗೆ ಮೇಲಿನ ಬಟ್ಟೆಯನ್ನು ಯೋಚಿಸುವ ಬುದ್ಧಿ ಬಂದಿರಲಿಲ್ಲ! ಹುಡುಗಿಯ ತಮ್ಮ ಮನೆಯೊಳಗಿನಿಂದ ನಾಲ್ಕು ಬಿಳಿ ಚಾದರ ತಂದು, ಅವಳು ಕೂರುವ ಜಾಗದ ಮೇಲೆ ಒಳಗಿನಿಂದ ಕಟ್ಟಿದ. ಅಷ್ಟರಿಂದಲೇ ಮುಕ್ಕಾಲು ಸರಿಹೋಯಿತು. ನೀವು ಶಾಮಿಯಾನದವರಿಗೆ ಮುಂಗಡ ಕೊಡುವಾಗಲೇ ಒಳಪದರ ಬಿಳಿಯದಿರಲಿ ಎಂದು ಹೇಳಿಬಿಡಿ. ಕಲ್ಯಾಣ ಮಂಟಪವಾದರೆ ಗೋಡೆಯ ಬಣ್ಣ ಒಮ್ಮೆ ನೋಡಿ ಬನ್ನಿ. ಗಿಳಿಹಸಿರು ಗೋಡೆಯ ಮುಂದೆ ಯಾವ ಹಸಿರು ಸೀರೆಯೂ ಉಳಿಯುವುದಿಲ್ಲ.

ನೆಲಕ್ಕೆ ಹಾಸಿದ್ದ ಜಮಖಾನೆಯ ಬಗ್ಗೆ ಬಹಳ ಜನ ವಿಚಾರಿಸಿದರು. ಅದು ನವಲಗುಂದದ್ದು, ತಂಗಿಯ ಅತ್ತೆಯ ಕಾಲದ್ದು. ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳೇ ಮನೆಯೊಳಗಿನ ನಿಲುವು ಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನೆ. ಪಗಡೆಯ ಚೌಕ, ನವಿಲು, ಕೆಂಪು ಹಳದಿ ನೀಲಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಸುಬು. ಈಗ ನೇಯುವ ಕೈಗಳು ಬೆರಳೆಣಿಕೆಯಷ್ಟು ಉಳಿದಿವೆ. ಅದರ ಕಥೆ ಈ ಅಂಕಣದಲ್ಲಿ ಹಿಡಿಸದು, ಇನ್ನೊಂದು ತಿಂಗಳು ಬರೆಯುತ್ತೇನೆ.

ಸಂಘದ ಸಾಲವನ್ನು ತಂಗಿ ಪಡೆಯಲಿಲ್ಲ. ಹೊಸ ಇಳಕಲ್ ಸೀರೆಯನ್ನು ಈಗಾಗಲೇ ಹುಡುಗಿಯ ಗೆಳತಿಯೊಬ್ಬಳು ತನ್ನ ನಿಕಾಹ್‌ಗೆ ಎರವಲು ಕೇಳಿದ್ದಾಳೆ. ನಾನಿಮಾರ ಸೀರೆಯ ಬಿರಿದ ಹಸಿರು ಒಡಲು ಮಾತ್ರ ಉಳಿದಿತ್ತು. ಅದನ್ನು ಚೌಕ ಚೌಕ ಮಾಡಿ ಅಮ್ಮಾ ಈಗ ಕೌದಿ ಹೊಲಿಯುತ್ತಿದ್ದಾರೆ. ಸುತ್ತಲಿನ ಅಂಚಿಗೆ ಯಾವ ಬಣ್ಣ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹುಡುಗಿ ಗೋಧಿ ಬಣ್ಣ ಎನ್ನುತ್ತಾಳೆ. ನನ್ನ ತಂಗಿ ಕೆಂಪು ಎನ್ನುತ್ತಾಳೆ.